ಬೇಸಿಗೆಯಲ್ಲಿ ಹೇಳಬಾರದ ಕಥೆ

ತೀರಿಹೋದವರ ಹೆಸರನ್ನು ನಾವು ಕರುಕ್ ಬುಡಕಟ್ಟಿನ ಜನ ಎತ್ತುವುದಿಲ್ಲ. ಹಾಗಾಗಿ ಇಲ್ಲಿ ಆಕೆ ಬರೀ ದೊಡ್ಡಮ್ಮ. ಕ್ಲಾಮತ್ ನದಿಯ ದಡದಲ್ಲಿ ಬುಟ್ಟಿ ಹೆಣೆದುಕೊಂಡು, ಓಕ್ ಕಾಯಿಯ ಗಂಜಿ ಕಾಯಿಸಿಕೊಂಡು, ಬಂದವರನ್ನೆಲ್ಲ ನಮ್ಮ ಭಾಷೆಯಲ್ಲೇ ಬೈದುಕೊಂಡು ಬದುಕಿದವಳು. ಬೈಗುಳ ಅರ್ಥವಾಗದವರಿಗೆ ಗಂಜಿ ಇಲ್ಲ. ಊರಿನ ಅರ್ಧ ಜನ ಭಾಷೆ ಕಲಿತದ್ದು ಹಾಗೆ.

ಜುಲೈನಲ್ಲಿ ಆಕೆಯ ಗಂಟಲಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಕೂಡಲೇ ಆಪರೇಷನ್ ಮಾಡಿದರೆ ಜೀವ ಉಳಿಯಬಹುದು, ಧ್ವನಿ ಮಾತ್ರ ಹೋಗುತ್ತದೆ ಎಂದರು ಡಾಕ್ಟರು. ಯಾರೋ ಕೂಡಿಹಾಕಿದ್ದ ಮೀನನ್ನು ಕಯೋಟಿ ನರಿ ನದಿಗೆ ಬಿಡಿಸಿ ತಂದ, ನಮ್ಮ ಮನೆತನದ ಆ ಉದ್ದನೆಯ ಕಥೆ ಪೂರ್ತಿ ಬರುತ್ತಿದ್ದುದು ಆಕೆಯೊಬ್ಬಳಿಗೆ. ಅಂಥ ಕಥೆಗಳನ್ನು ಚಳಿಗಾಲದಲ್ಲಷ್ಟೇ ಹೇಳಬೇಕು. ಬೇಸಿಗೆಯಲ್ಲಿ ಹೇಳಿದವರ ಬೆನ್ನು ಗೂನಾಗುತ್ತದೆ.

"ಈಗ್ಲೇ ಹೇಳ್ಬಿಡು ದೊಡ್ಡಮ್ಮ," ಎಂದೆ. "ಎಂಬತ್ತು ದಾಟ್ತು, ನಿನ್ನ ಬೆನ್ನೇನು ಈಗ ನೆಟ್ಟಗಿದ್ಯಾ?"

"ಇದು ಬಾಗಿರೋದು ಬುಟ್ಟಿ ಹೆಣೆದು ಕಣೇ ಲೊರೀಟಾ, ತಪ್ಪು ಮಾಡಿ ಅಲ್ಲ!" ಎಂದು ಗದರಿದಳು. ಆಮೇಲೆ ದನಿ ಇಳಿಸಿದಳು. "ನಂಗೂ ಭಯ ಆಗ್ತಿದೆ. ಆದ್ರೆ ಕೆಡಿಸಿ ಕೊಟ್ಟಿದ್ದನ್ನ ಇಟ್ಕೊಂಡು ನೀನೇನ್ ಮಾಡ್ತೀಯ? ಹಿಮ ಬೀಳ್ಲಿ, ಹೇಳ್ತೀನಿ. ಆಪರೇಷನ್ನು ಆಮೇಲೆ."

"ಅಷ್ಟರಲ್ಲಿ ಏನಾದ್ರೂ ಆದ್ರೆ?"

"ಆದ್ರೆ ನನ್ನ ಚೆನ್ನಾಗಿ ಬೈಕೋ. ನಮ್ಮ ಭಾಷೇಲೇ ಬೈಬೇಕು."

ಹಿಮ ಬಿದ್ದ ಮೇಲೆ ಫೋನಿನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದೆ. "ಅದಕ್ಕೆ ಚಳಿಗಾಲ ಯಾವ್ದು, ಬೇಸಿಗೆ ಯಾವ್ದು ಗೊತ್ತಾ? ಯಾರು ಒತ್ತಿದ್ರೂ ಬಾಯಿ ಬಿಡುತ್ತೆ," ಎಂದು ಬಾಯಿ ಮುಚ್ಚಿಸಿದಳು.

ಆ ವರ್ಷ ಮಳೆ ತಡ. ಅಕ್ಟೋಬರ್ ಬಂದರೂ ಕಾಡಿನ ಬೆಂಕಿಯ ಹೊಗೆ ಕಣಿವೆ ಬಿಡಲಿಲ್ಲ. ಬೆಳಿಗ್ಗೆ ಎದ್ದವಳೇ ಬೆಟ್ಟದ ನೆತ್ತಿ ನೋಡುತ್ತಿದ್ದೆ, ಆಮೇಲೆ ಅವಳ ಕೆಮ್ಮಿಗೆ ಕಿವಿಗೊಡುತ್ತಿದ್ದೆ. ಒಂದು ದಿನ ಅವಳು ಜಗಲಿಯಿಂದ ನಾಯಿಯನ್ನು ಕರೆದಳು. ಅಂಗಳದಲ್ಲೇ ಇದ್ದ ನಾಯಿ ತಲೆ ಎತ್ತಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟು ಹೆದರಿದ್ದೆವು.

ನವೆಂಬರ್ ಕೊನೆಗೆ ಹಿಮ ಬಿತ್ತು. ಅಂದೇ ಸಂಜೆ ಒಲೆಯ ಪಕ್ಕ ಮಲಗಿ, ನನ್ನ ಕಿವಿಯನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ಅವಳು ಒಂದೊಂದೇ ಮಾತು ಉಸುರುವುದು, ನಾನದನ್ನು ಗಟ್ಟಿಯಾಗಿ ತಿರುಗಿ ಹೇಳುವುದು. ತಪ್ಪಿದರೆ ಚಿವುಟುತ್ತಿದ್ದಳು. ಹೀಗೇ ಎಷ್ಟೋ ಸಂಜೆಗಳು. ಕಥೆ ಮುಗಿಯುವ ಹೊತ್ತಿಗೆ ನನ್ನ ತೋಳು ಕಪ್ಪಿಟ್ಟಿತ್ತು. ಆಮೇಲೆ ಆಸ್ಪತ್ರೆಗೆ ಹೋದೆವು, ಹೊತ್ತು ಮೀರಿತ್ತು. ಹಿಮ ಕರಗುವ ಮೊದಲೇ ಅವಳು ಹೋದಳು. ಬೈಯಲು ನನಗೆ ಬಾಯಿ ಬರಲಿಲ್ಲ.

ಈಗ ಬೇಸಿಗೆ. ಕಥೆ ಪೂರ್ತಿ ಬರುವುದು ನನಗೊಬ್ಬಳಿಗೆ. ನನಗೂ ಹೇಳಿಕೊಡು ಎಂದು ತಂಗಿ ದಿನಾ ಪೀಡಿಸುತ್ತಾಳೆ, ಹಿಮ ಬೀಳಲಿ ಎನ್ನುತ್ತೇನೆ. ನಿನ್ನೆ ನದಿಯ ಬಂಡೆಯ ಮೇಲೆ ಕಾಲು ಜಾರಿತು. ಏನೂ ಆಗಲಿಲ್ಲ, ಮೊಣಕಾಲು ತರಚಿತು ಅಷ್ಟೆ. ಆದರೂ ಮನೆಗೆ ಬಂದು ಬಾಗಿಲು ಹಾಕಿಕೊಂಡು, ಕೂತು, ತುಟಿ ಬಿಗಿಹಿಡಿದು, ಕಥೆಯನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನೊಳಗೇ ಹೇಳಿಕೊಂಡೆ.