ಹುಲ್ಲು ಹುಟ್ಟದ ಪಟ್ಟಿ

ನ್ಯೂಜಿಲೆಂಡಿನ ಹಿಲ್ಸ್‌ಬರೋದಲ್ಲಿ ನಾವು ಕೊಂಡ ಮನೆಯ ಹಿತ್ತಲಿಗೆ ಬಿಸಿಲು ಧಾರಾಳ. ಔಷಧಿ ಹೊಡೆಯುವುದಿಲ್ಲ ಎಂದು ನಾನು ಮೊದಲೇ ಹಟ ಹಿಡಿದಿದ್ದೆ. ಹುಲ್ಲನ್ನು ತೀರಾ ಬುಡಕ್ಕೆ ಕತ್ತರಿಸುತ್ತಿರಲಿಲ್ಲ, ಕತ್ತರಿಸಿದ್ದನ್ನು ಗೊಬ್ಬರವಾಗಲೆಂದು ಅಲ್ಲೇ ಬಿಡುತ್ತಿದ್ದೆ. ಎಲ್ಲ ಹಸಿರಾಯಿತು, ಬೇಲಿ ಪಕ್ಕದ ಇಳಿಜಾರಿನ ಒಂದು ಪಟ್ಟಿ ಬಿಟ್ಟು. ಮೂರು ಸಲ ಬೀಜ ಚೆಲ್ಲಿದೆ. ಊಹೂಂ! ಆ ಬೋಳು ಜಾಗ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮುಹೂರ್ತ ಕೂಡಿಬರದೆ ಮುಂದೆ ಹೋಗಿದ್ದ ಗೃಹಪ್ರವೇಶಕ್ಕೆ ಒಂದು ವಾರವಿತ್ತು. ಚಾಪೆಯಂತೆ ಸುರುಳಿ ಸುತ್ತಿ ಮಾರುವ ಹುಲ್ಲನ್ನು ತರಿಸಿ ಅದನ್ನು ಮುಚ್ಚಿಬಿಡುವುದೆಂದು ಗೊತ್ತುಮಾಡಿದೆ. ಅಷ್ಟರಲ್ಲಿ ಆ ಮಣ್ಣಿನ ತುಂಬ ಸಣ್ಣ ಸಣ್ಣ ತೂತುಗಳೆದ್ದವು, ಒಂದೊಂದರ ಬಾಯಲ್ಲೂ ರವೆಯಂಥ ಮಣ್ಣಿನ ಗುಪ್ಪೆ. ಹುಬ್ಬಳ್ಳಿಯಿಂದ ಬಂದು ನಮ್ಮೊಡನೆಯೇ ಇರುವ ಅತ್ತೆ ಅವು ಇರುವೆ ಗೂಡುಗಳೆಂದು ತೀರ್ಮಾನಿಸಿದರು. ಊರಿನ ರೂಢಿಯಂತೆ ದಿನಾ ಸ್ನಾನ ಮುಗಿಸಿ ಬಂದು ತೂತಿಗೊಂದು ಚಿಟಿಕೆ ಸಕ್ಕರೆ ಹಾಕತೊಡಗಿದರು.

"ಅತ್ತಿ, ಇರುವಿಗೆ ನಾಷ್ಟಾ ಹಾಕಾಕ ನಾ ಹಿತ್ತಲಾ ಇಟ್ಕೊಂಡೇನೇನ್ರಿ?" ಎಂದು ಸಿಡುಕಿದೆ.

"ಮೂಕ ಜೀವ ಅದಾವ. ಚಿಟಿಕಿ ಸಕ್ಕರಿಗೆ ನಿನ್ನ ಗಂಟೇನ್ ಹೋಗತೈತಿ?" ಎಂದರು ಅತ್ತೆ.

ಪಕ್ಕದ ಮನೆಯ ಆಂಟಿ ಈ ದೇಶದವರೇ, ‘ಕಿವಿ’. ಅವರು ಬೇಲಿಯಾಚೆಯಿಂದ ಇದನ್ನು ಕಂಡು ಓಡೋಡಿ ಬಂದರು. ಬಾಯಿ ಮುಚ್ಚಿಕೊಂಡು ಮಂಡಿಯೂರಿ ನೋಡಿ ಎಂದು ನಮ್ಮಿಬ್ಬರನ್ನೂ ಕೂರಿಸಿದರು. ಗಳಿಗೆಯಲ್ಲೇ ಕಪ್ಪಗಿನ, ರೋಮದ ಮೈಯ ಪುಟ್ಟ ಜೇನೊಂದು ಹಿಂಗಾಲಿನ ತುಂಬ ಹಳದಿ ಪರಾಗ ಹೊತ್ತು ಹಾರಿ ಬಂತು. ಅಷ್ಟು ತೂತುಗಳಲ್ಲಿ ತನ್ನದನ್ನೇ ಹುಡುಕಿ ಒಳಗಿಳಿಯಿತು. ಅಬ್ಬಾ!

ಇವು ಇಲ್ಲಿನ ಮೂಲದ ಜೇನುಗಳು ಎಂದರು ಆಂಟಿ. ಇವಕ್ಕೆ ರಾಣಿಯಿಲ್ಲ, ಮೇಣದ ಗೂಡಿಲ್ಲ. ಪ್ರತಿ ತಾಯಿಯೂ ಒಬ್ಬಳೇ ನೆಲ ತೋಡಿ, ಪರಾಗದ ಉಂಡೆ ಕಟ್ಟಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು ಮುಚ್ಚುತ್ತಾಳೆ. ಕೆಲವೇ ವಾರದಲ್ಲಿ ಸಾಯುತ್ತಾಳೆ. ಮರಿ ಆ ಉಂಡೆ ತಿಂದುಕೊಂಡು ಮಣ್ಣಿನೊಳಗೇ ಮಲಗಿದ್ದು, ಮುಂದಿನ ಬೇಸಿಗೆಗೆ ಹೊರಗೆ ಬರುತ್ತದೆ. ಹುಲ್ಲಿಲ್ಲದ, ಬಿಸಿಲು ಬೀಳುವ ನೆಲವೇ ಇವಕ್ಕೆ ಬೇಕು. ಆದರೆ ಸಕ್ಕರೆಗೆ ಬಂದ ಇರುವೆಗಳು ಒಳಗಿನ ಮರಿಗಳನ್ನೂ ಬಿಡುವುದಿಲ್ಲ ಎಂದು ಬೆರಳು ತೋರಿಸಿದರು. ನಿಜವಾಗಿಯೂ ಇರುವೆಗಳ ಸಾಲು ತೂತುಗಳತ್ತ ನಡೆದಿತ್ತು.

ನಾನು ಕನ್ನಡದಲ್ಲಿ ತಿಳಿಸಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಸಕ್ಕರೆ ಡಬ್ಬಿ ಕೆಳಗಿಟ್ಟರು. "ಅಯ್ಯೋ ಶಿವನ, ಬಾಣಂತಿ ಮನಿಗೆ ನಾನ ಕಳ್ಳರನ್ನ ಕರದ್ನಲ್ಲ!"

ಒದ್ದೆ ಬಟ್ಟೆ ಹಿಡಿದು ಮಧ್ಯಾಹ್ನದವರೆಗೆ ಸಕ್ಕರೆಯ ಕಣಕಣವನ್ನೂ ಒತ್ತಿ ತೆಗೆದರು. ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಅಂಗಡಿಗೆ ಫೋನ್ ಮಾಡಿ ಹುಲ್ಲು ಬೇಡವೆಂದೆ. ಗೃಹಪ್ರವೇಶಕ್ಕೆ ಬಂದವರು ಆ ಪಟ್ಟಿ ನೋಡಿ ಮೂಗು ಮುರಿದರು. ಮುರಿಯಲಿ!

ಆದರೆ ಮೊಟ್ಟೆಗಳು ಉಳಿದವೋ ಇಲ್ಲವೋ ಯಾರಿಗೆ ಗೊತ್ತು? ತಾಯಂದಿರು ಸತ್ತರು, ತೂತುಗಳು ಮುಚ್ಚಿದವು, ಚಳಿಗಾಲದ ಮಳೆ ಹೊಯ್ದಿತು. ಅತ್ತೆ ಅತ್ತ ಯಾರನ್ನೂ ಕಾಲಿಡಗೊಡಲಿಲ್ಲ. "ನಾ ಕೊಂದ್ನೇನೋ" ಎಂದು ಎಷ್ಟು ಸಲ ಹೇಳಿದರೋ.

ಬೇಸಿಗೆ ಬಂದರೂ ನೆಲ ಹಾಗೇ ಇತ್ತು. ಒಂದು ಬೆಳಿಗ್ಗೆ ಅತ್ತೆ ಕೂಗಿದ ಕೂಗಿಗೆ ಏನಾಯಿತೋ ಎಂದು ಬರಿಗಾಲಲ್ಲೇ ಓಡಿದೆ. ಅವರು ಮಣ್ಣಿನ ಮೇಲೆ ಕೂತು ಅಳುತ್ತಿದ್ದರು. ಎದುರಿಗೆ ಒಂದು, ಎರಡು, ಆಮೇಲೆ ಹತ್ತಾರು ಕರಿ ಮುಖಗಳು ನೆಲ ಒಡೆದು ಹೊರಬರುತ್ತಿದ್ದವು. ನೋಡನೋಡುತ್ತ ಒಂದು ಜೇನು ಅಲ್ಲೇ ಪಕ್ಕದಲ್ಲಿ ತೋಡಲು ಶುರುಮಾಡಿತು.

"ಅವ್ವನ ಮಾರಿ ನೋಡಿಲ್ಲ, ಯಾರೂ ಹೇಳಿಕೊಟ್ಟಿಲ್ಲ," ಎಂದರು ಅತ್ತೆ ನನ್ನ ಕೈ ಹಿಡಿದು. "ಹೆಂಗ ಹಡ್ಡಾಕತ್ತೈತಿ ನೋಡವಾ."