ಊರಿನ ಹೆಸರು ಮರೆತ ಅಜ್ಜಿ ಮತ್ತು ನನ್ನ ಬಿ.ಎ. ಪ್ರಬಂಧ

ನಾನು ಬಿ.ಎ. ಚರಿತ್ರೆಗೆ ಸೇರಿದಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮಡಿಕೇರಿಯ ಕಾಲೇಜಿನಲ್ಲಿ ನಮ್ಮ ಹಿಂದಿನವರು ಮದ್ರಾಸಿನ ಪಠ್ಯ ಓದಿ ಹೋಗಿದ್ದರು, ನಮಗೆ ಮೈಸೂರಿನದು ಬಂದಿತ್ತು. ಪುಸ್ತಕ ಬದಲಾದರೂ ಒಳಗಿದ್ದವರು ಹೆಚ್ಚುಕಡಿಮೆ ಅವರೇ. ಮೊಗಲರು, ಇಂಗ್ಲೆಂಡಿನ ಪಾರ್ಲಿಮೆಂಟು, ಫ್ರಾನ್ಸಿನ ಕ್ರಾಂತಿ. ತರಗತಿಯಲ್ಲಿದ್ದವರಲ್ಲಿ ಹೆಚ್ಚಿನವರು ತೋಟದ ಮನೆಗಳ ಮಕ್ಕಳು. ನಾನು ಕಕ್ಕಬೆ ಕಡೆಯ ಒಂದು ಕಾಫಿ ಎಸ್ಟೇಟಿನ ರೈಟರ ಮಗ. ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಬರೆದುಕೊಳ್ಳುವುದು ಅಪ್ಪನ ಕೆಲಸ.

ನಮ್ಮ ಚರಿತ್ರೆಯ ಮೇಷ್ಟ್ರು ಮೈಸೂರಿನಿಂದ ವರ್ಗವಾಗಿ ಬಂದವರು. ಮಡಿಕೇರಿಯ ಚಳಿ ಅವರಿಗೆ ಒಗ್ಗಿರಲಿಲ್ಲ. ಕಂದು ಬಣ್ಣದ ಮಫ್ಲರನ್ನು ಕಿವಿಯವರೆಗೆ ಸುತ್ತಿಕೊಂಡೇ ಪಾಠ ಮಾಡುತ್ತಿದ್ದರು. ಮೂರನೆಯ ವರ್ಷದ ದಸರಾ ರಜೆಗೆ ಮುಂಚೆ ಒಂದು ದಿನ ಪುಸ್ತಕ ಮುಚ್ಚಿಟ್ಟು ಹೇಳಿದರು:

"ನಿಮ್ಮ ಸೀಮೆಯ ಚರಿತ್ರೆ ನನಗೆ ಗೊತ್ತಿಲ್ಲ. ಈ ಪುಸ್ತಕಕ್ಕೂ ಗೊತ್ತಿಲ್ಲ. ರಜೆ ಮುಗಿಸಿ ಬರುವಾಗ ಒಬ್ಬೊಬ್ಬರೂ ಒಂದೊಂದು ಪ್ರಬಂಧ ಬರೆದು ತನ್ನಿ. ಊರಲ್ಲಿ ವಯಸ್ಸಾದವರನ್ನ ಕೇಳಿ, ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು."

"ಮಾರ್ಕ್ಸ್ ಎಷ್ಟು ಸಾರ್?" ಎಂದು ಒಬ್ಬ ಕೇಳಿದ.

"ಒಂದೂ ಇಲ್ಲ," ಎಂದರು.

ನನಗೆ ಬರೆಯುವ ವಿಷಯ ಆಗಲೇ ಸಿಕ್ಕಿತ್ತು. ನಮ್ಮ ಎಸ್ಟೇಟನ್ನು ಮೊದಲು ಮಾಡಿದ ಇಂಗ್ಲಿಷ್ ದೊರೆ, ಅವನ ಬಂಗಲೆ, ಅವನು ಬಿಟ್ಟುಹೋದ ಹಳೆಯ ದಿನಚರಿ ಪುಸ್ತಕಗಳು. ಊರಿಗೆ ಹೋದ ಮರುದಿನವೇ ಅಪ್ಪನ ಜೊತೆ ಬಂಗಲೆಗೆ ಹೋದೆ. ಬೀರು ತೆಗೆದು ನೋಡಿದರೆ ಪುಸ್ತಕಗಳೆಲ್ಲ ಗೆದ್ದಲು ಹಿಡಿದು ಮಣ್ಣಿನ ಹೆಂಟೆಯಾಗಿದ್ದವು. ಮುಟ್ಟಿದ್ದು ಕೈಯಲ್ಲೇ ಪುಡಿಯಾಯಿತು. ನಾನು ಮುಖ ಸಣ್ಣ ಮಾಡಿಕೊಂಡು ಲೈನಿನ ದಾರಿಯಲ್ಲಿ ವಾಪಸ್ಸು ಬರುತ್ತಿದ್ದಾಗ, ನಾವೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದ ಮುದಿ ಆಳು ಎದುರಾದಳು. ಲೈನೆಂದರೆ ಆಳುಗಳ ಸಾಲುಮನೆ. ಅಜ್ಜಿ ಅದರ ಕೊನೆಯ ಕೋಣೆಯಲ್ಲಿ ಒಬ್ಬಳೇ ಇದ್ದಳು. ಎಸ್ಟೇಟಿನಲ್ಲಿ ಅವಳಷ್ಟು ಹಳಬರು ಯಾರೂ ಉಳಿದಿರಲಿಲ್ಲ. ನಾನು ಚಿಕ್ಕವನಿದ್ದಾಗ ಅಮ್ಮನಿಗೆ ಹುಷಾರಿಲ್ಲದ ಒಂದು ಮಳೆಗಾಲ ಪೂರ್ತಿ ನನ್ನನ್ನು ಎತ್ತಿ ಆಡಿಸಿದವಳು.

"ಯಾಕ್ ಮಗ, ಮೊಕ ಇಂಗ್ ಮಾಡ್ಕಂಡಿದೀಯೆ?" ಎಂದಳು. ಹೇಳಿದೆ.

"ಅಯ್ಯೋ, ದೊರೆ ಪುಸ್ತಕ ಯಾಕೆ? ಈ ತೋಟ ಕಾಡಾಗಿದ್ದಾಗ್ಲಿಂದ ನಾನೇ ನೋಡಿವ್ನಿ. ನನ್ನ ಕೇಳು."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, "ಲೈನ್‌ಲಿ ಇರವ್ಕೆ ಎಂಥ ಚರಿತ್ರೆ ಮಾರಾಯ?" ಎಂದು ನಕ್ಕುಬಿಟ್ಟರು. ಅದರಲ್ಲಿ ತಾತ್ಸಾರವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು.

ಮರುದಿನದಿಂದ ಅಜ್ಜಿಯ ಕೋಣೆಯ ಮುಂದೆ ಕುಳಿತು ಬರೆದುಕೊಳ್ಳತೊಡಗಿದೆ. ಅವಳು ಅವ್ವನ ಜೊತೆ, ಸೊಂಟದ ಮೇಲಿನ ತಮ್ಮನ ಜೊತೆ, ತೋಟಕ್ಕೆ ಆಳು ಕರೆತರುವ ಒಬ್ಬ ಮೇಸ್ತ್ರಿಯ ಹಿಂದೆ ನಡೆದುಕೊಂಡು ಕೊಡಗಿಗೆ ಬಂದಾಗ ಅವಳಿಗೆ ಏಳು ವರ್ಷವಂತೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಬಂದ ಎರಡನೆಯ ಮಳೆಗಾಲದಲ್ಲಿ ಚಳಿಜ್ವರ ಬಂದು ಮೊದಲು ತಮ್ಮ, ಆಮೇಲೆ ಅವ್ವ ಹೋದರು. ತಮ್ಮನನ್ನು ಮಣ್ಣು ಮಾಡಿದ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋದಳು. ನೀರು ಹರಿಯುವ ಸಣ್ಣ ತೋಡಿನ ಪಕ್ಕ ಒಂದು ಹಲಸಿನ ಮರ.

"ಬೀಜ ನಾನೇ ಊಣಿದ್ದು. ಮೇಸ್ತ್ರಿ ಕೀಳಕ್ಕೆ ಬಂದ. ಕಾಲು ಕಟ್ಕಂಡು ಅತ್ತೆ. ಬುಟ್ಬುಟ್ಟ," ಎಂದಳು.

ನಾನು ಕೇಳಬೇಕಾದ ಪ್ರಶ್ನೆಯನ್ನೇ ಮರೆತಿದ್ದೆ. ಸಂಜೆ ಹೊರಡುವಾಗ ನೆನಪಾಗಿ ಕೇಳಿದೆ: "ಅಜ್ಜಿ, ನಿಮ್ಮೂರು ಯಾವುದು?"



"ಅದ್ಯಾವೂರೋ ಯಾರ್ ಕಂಡೋರು ಮಗ. ಊರಲ್ಲಿದ್ದಾಗ ಊರ್ ಎಸ್ರಿಡ್ದು ಯಾರ್ ಕರೀತಾರೆ? ನಮ್ಮವ್ವ 'ಊರು' ಅಂತಿದ್ಲು. ನಾನೂ ಅಂಗೇ ಅಂತಿದ್ದೆ. ಕೇಳಿಟ್ಕಳಾಣ ಅನ್ನೋ ಬುದ್ಧಿ ಬರೋವೊತ್ಗೆ ಅವ್ವ ಇರ್ನಿಲ್ಲ."

ಅಪ್ಪನ ಹಾಜರಿ ಪುಸ್ತಕದಲ್ಲಿ ನೋಡಿದೆ. ಅವಳ ಹೆಸರಿನ ಮುಂದೆ ಊರಿನ ಜಾಗದಲ್ಲಿ 'ಹುಣಸೂರು ಕಡೆ' ಎಂದಷ್ಟೇ ಇತ್ತು. ಯಾರು, ಯಾವಾಗ ಬರೆದದ್ದೋ, ಅಪ್ಪ ವರ್ಷವರ್ಷವೂ ಅದನ್ನೇ ನಕಲು ಮಾಡುತ್ತಾ ಬಂದಿದ್ದರು.

ಪ್ರಬಂಧವನ್ನು ಕನ್ನಡದಲ್ಲೇ ಬರೆದೆ. ಅವಳ ಮಾತನ್ನು ಇಂಗ್ಲಿಷಿಗೆ ತರಲು ನನಗೆ ಬರಲಿಲ್ಲ. ಬೈಸಿಕೊಳ್ಳಲು ಸಿದ್ಧನಾಗಿಯೇ ಕೊಟ್ಟೆ. ಎರಡು ದಿನ ಬಿಟ್ಟು ಮೇಷ್ಟ್ರು ನನ್ನನ್ನು ತಮ್ಮ ಬಾಡಿಗೆ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಹುಣಸೂರು, ಪಿರಿಯಾಪಟ್ಟಣದ ನಕ್ಷೆಗಳು ಹರಡಿದ್ದವು.

"ಅವಳಿಗೆ ಹೆಸರು ಮರೆತಿದೆ, ಊರು ಮರೆತಿಲ್ಲ. ಮತ್ತೆ ಹೋಗಿ ಕೇಳು. ಸೂರ್ಯ ಎಲ್ಲಿ ಮುಳುಗ್ತಿದ್ದ? ನೀರು ಎಲ್ಲಿಂದ ತರ್ತಿದ್ರು? ನೆರೆಯವರು ಏನು ಕೆಲಸ ಮಾಡ್ತಿದ್ರು? ಮೊದಲನೇ ರಾತ್ರಿ ಎಲ್ಲಿ ಮಲಗಿದ್ರು?"

ಮುಂದಿನ ಶನಿವಾರ ಬಸ್ಸು ಹತ್ತಿ ಊರಿಗೆ ಹೋದೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಒಂದೊಂದಾಗಿ ಹೇಳಿದಳು. ಹೊತ್ತು ಮುಳುಗುತ್ತಿದ್ದದ್ದು ಒಂದು ಒಂಟಿ ಬೆಟ್ಟದ ಹಿಂದೆ. ಮಂಕರಿಯನ್ನು ಬೋರಲು ಹಾಕಿದ ಹಾಗಿನ ಬೆಟ್ಟ. ಊರಬಾವಿಯ ನೀರು ಸವುಳು, ಅಡುಗೆಗೆ ಪಕ್ಕದೂರಿನಿಂದ ಹೊತ್ತು ತರುತ್ತಿದ್ದರು. ಬೀದಿ ತುಂಬ ಕಂಬಳಿ ನೇಯುವವರು. ಕೆರೆಯಲ್ಲಿ ಒಂದು ಕಲ್ಲಿನ ಬಸವ, ಮಳೆಗಾಲದಲ್ಲಿ ಕೊಂಬು ಮಾತ್ರ ಕಾಣುತ್ತಿತ್ತು. "ಆನೆ ಗಾತ್ರದ ಬಸವ ಮಗ!" ಹೊರಟ ದಿನ ಮಲಗಿದ್ದು ದೊಡ್ಡ ಊರಿನ ಸಂತೆಮಾಳದಲ್ಲಿ. ಕಾಡು ಬಂದದ್ದು ಅದರ ಮಾರನೆಯ ದಿನ.

ಮೇಷ್ಟ್ರು ಇದನ್ನೆಲ್ಲ ಕೇಳಿ ಪೆನ್ಸಿಲಿನಲ್ಲಿ ನಕ್ಷೆಯ ಮೇಲೆ ಗುರುತು ಹಾಕಿದರು. "ಬೆಟ್ಟ ಬೆಟ್ಟದಪುರದ್ದೇ ಇರಬೇಕು. ಸೂರ್ಯ ಅದರ ಹಿಂದೆ ಮುಳುಗಿದ್ರೆ ಊರು ಅದರ ಪೂರ್ವಕ್ಕೆ. ಸಂತೆಮಾಳ ಹುಣಸೂರಿನದು. ಏಳು ವರ್ಷದ ಹುಡುಗಿ ಒಂದು ದಿನದಲ್ಲಿ ಎಷ್ಟು ನಡೀತಾಳೆ? ಎಂಟೊಂಬತ್ತು ಮೈಲಿ." ದಾರದಿಂದ ಅಳೆದು ಗೆರೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, "ಬಸವ ಮಾತ್ರ ಆನೆಯಷ್ಟು ದೊಡ್ಡದಿರೋಲ್ಲ. ಅವಳು ಸುಳ್ಳು ಹೇಳ್ತಿಲ್ಲ. ಏಳು ವರ್ಷದವಳ ಕಣ್ಣಿಂದ ನೋಡಿ ಹೇಳ್ತಿದಾಳೆ. ಅಷ್ಟನ್ನ ನಾವು ಲೆಕ್ಕದಲ್ಲಿ ಕಳೀಬೇಕು," ಎಂದರು. ಸಾಕ್ಷ್ಯವನ್ನು ತೂಗುವುದು ಹೇಗೆಂಬ ಪಾಠ ನನಗೆ ಆ ಕೋಣೆಯಲ್ಲಿ ತಲೆಗೆ ಹೋಯಿತು.

ಸಂಕ್ರಾಂತಿ ರಜೆಯಲ್ಲಿ ಇಬ್ಬರೂ ಹುಣಸೂರಿಗೆ ಹೋದೆವು. ಬಾಡಿಗೆಗೆ ಎರಡು ಸೈಕಲ್ಲು ಹಿಡಿದೆವು. ಮೊದಲ ದಿನ ನಾಲ್ಕು ಊರು ನೋಡಿದೆವು. ಒಂದರಲ್ಲಿ ಕೆರೆಯಿತ್ತು, ಬಸವನಿರಲಿಲ್ಲ. ಇನ್ನೊಂದರಲ್ಲಿ ಕಂಬಳಿ ನೇಯುತ್ತಿದ್ದರು, ಬಾವಿಯ ನೀರು ಸಿಹಿಯಾಗಿತ್ತು. ಎರಡನೆಯ ದಿನ ಮಧ್ಯಾಹ್ನ ಒಂದು ಕೆರೆ ಏರಿ ಹತ್ತಿದಾಗ ಮೇಷ್ಟ್ರು ಸೈಕಲ್ಲಿನಿಂದ ಇಳಿದು ನಿಂತುಬಿಟ್ಟರು. ನೀರಿನ ನಡುವೆ ಒಂದು ಕಲ್ಲಿನ ಬಸವ, ಕುತ್ತಿಗೆವರೆಗೆ ಮುಳುಗಿ ಕೂತಿತ್ತು. ತಲೆ ನೋಡಿದರೆ ದೊಡ್ಡ ಕರುವಿನಷ್ಟಿರಬಹುದು.

ಬೀದಿಯಲ್ಲಿ ಕಂಬಳಿ ನೇಯುತ್ತಿದ್ದ ಒಬ್ಬ ಮುದುಕನನ್ನು ಕೇಳಿದೆವು. ಎಷ್ಟೋ ವರ್ಷದ ಹಿಂದೆ ಒಬ್ಬ ವಿಧವೆ ಎರಡು ಮಕ್ಕಳನ್ನು ಕರೆದುಕೊಂಡು ಕೊಡಗಿಗೆ ಹೋದದ್ದು ಗೊತ್ತೇ ಎಂದೆವು. ಅವನು ಮಗ್ಗದಿಂದ ಕೈ ತೆಗೆದ.

"ನಮ್ ಚಿಕ್ಕಪ್ಪನ ಹೆಂಡ್ರು. ನಮ್ಮವ್ವ ಸಾಯೋಗಂಟ ಅವ್ರ ಮಾತೇ ಆಡ್ತಿದ್ಲು. ಮಕ್ಳು ಬದುಕವ್ರಾ?"

"ಮಗಳಿದ್ದಾಳೆ," ಎಂದೆ. ಹುಡುಗನ ವಿಷಯ ಹೇಳಲು ನನ್ನಿಂದಾಗಲಿಲ್ಲ. ಮೇಷ್ಟ್ರೇ ಹೇಳಿದರು. ಮುದುಕ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ.

ಆ ವಾರ ನಾನು ಅಜ್ಜಿಗೆ ಊರಿನ ಹೆಸರು ಹೇಳಿದಾಗ ಅವಳು ಕಾಫಿ ಹಣ್ಣು ಕುಯ್ಯುತ್ತಿದ್ದಳು. ಪಿಕಿಂಗಿನ ಕಾಲ. ಕೈ ನಿಲ್ಲಿಸಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಹತ್ತಿರ ಹೋಗಿ ಕೇಳಿದರೆ ಆ ಹೆಸರನ್ನೇ ಮತ್ತೆ ಮತ್ತೆ ಅನ್ನುತ್ತಿದ್ದಳು, ಹೊಸ ಪಾಠ ಬಾಯಿಪಾಠ ಮಾಡುವ ಮಗುವಿನ ಹಾಗೆ. ಅಂದು ಸಂಜೆ ಅಪ್ಪ ಹಾಜರಿ ಪುಸ್ತಕ ತೆಗೆದು, 'ಹುಣಸೂರು ಕಡೆ' ಎಂಬುದನ್ನು ಹೊಡೆದುಹಾಕಿ, ಹೆಸರು ಬರೆದರು. ಕಾಗುಣಿತ ಸರಿಯೇ ಎಂದು ನನ್ನನ್ನು ಕೇಳಿದರು.

ಏಪ್ರಿಲಿನಲ್ಲಿ ನನ್ನ ಪರೀಕ್ಷೆ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ತಿತಿಮತಿಯ ಕಾಡು ದಾಟುವಾಗ ನನ್ನ ಕೈ ಹಿಡಿದುಕೊಂಡಿದ್ದಳು. "ಇಷ್ಟು ಬೇಗ ಮುಗೀತಾ ಕಾಡು?" ಎಂದಳು. ಬೇಸಿಗೆಗೆ ಕೆರೆ ಬತ್ತಿತ್ತು. ಮನೆಗೆ ಹೋಗುವ ಮೊದಲು ಬಿರಿದ ಮಣ್ಣಿನಲ್ಲಿ ನಡೆದು ಬಸವನ ಹತ್ತಿರ ಹೋದಳು. ಅದು ಅವಳ ಎದೆಯ ಎತ್ತರಕ್ಕೂ ಬರಲಿಲ್ಲ.

"ಇಷ್ಟೇ ಇತ್ತಾ?" ಎಂದು ನಕ್ಕಳು. ಆಮೇಲೆ ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು ಅತ್ತಳು. ನಾನು ಏರಿಯ ಮೇಲೆ ಬಂದು ನಿಂತೆ.

ಅಲ್ಲೇ ಇದ್ದುಬಿಡು ಎಂದು ಊರಿನ ನೆಂಟರೆಲ್ಲ ಒತ್ತಾಯ ಮಾಡಿದರು. ಹದಿನೈದು ದಿನ ಇದ್ದಳು. ಅಣ್ಣನ ವರಸೆಯ ಆ ಮುದುಕ ಬಸ್ಸು ಹತ್ತಿಸಿ ಕಳಿಸಿದ. ಯಾಕೆ ಬಂದುಬಿಟ್ಟೆ ಎಂದು ಕೇಳಿದೆ. "ತಮ್ಮ ಇಲ್ಲಿ ಮಲಗವ್ನಲ್ಲ ಮಗ," ಎಂದಳು. ಆದರೆ ಆಮೇಲೆ ಪ್ರತಿ ವರ್ಷ ಪಿಕಿಂಗ್ ಮುಗಿದ ಮೇಲೆ ಕಾಫಿಪುಡಿ, ಕಿತ್ತಳೆ ಕಟ್ಟಿಕೊಂಡು ಒಬ್ಬಳೇ ಹೋಗಿ ಬರುತ್ತಿದ್ದಳು.

ಚರಿತ್ರೆ ಓದಿದವನಿಗೆ ಆಗ ಕಾಣುತ್ತಿದ್ದ ದಾರಿಗಳು ಎರಡೋ ಮೂರೋ. ಹೈಸ್ಕೂಲು ಮೇಷ್ಟ್ರಾಗುವುದು, ಕಚೇರಿಯಲ್ಲಿ ಗುಮಾಸ್ತನಾಗುವುದು, ಲಾ ಓದುವುದು. ನಮ್ಮ ಮೇಷ್ಟ್ರು ನನ್ನ ಪ್ರಬಂಧಕ್ಕೆ ಒಂದು ಕಾಗದ ಲಗತ್ತಿಸಿ ಮೈಸೂರಿಗೆ ಕಳಿಸಿದರು. ಎಂ.ಎ. ಸೀಟಿನ ಸಂದರ್ಶನದಲ್ಲಿ ನನ್ನನ್ನು ಮೊಗಲರ ಬಗ್ಗೆ ಕೇಳಲೇ ಇಲ್ಲ. ಆ ಊರನ್ನು ಹೇಗೆ ಹುಡುಕಿದಿರಿ ಎಂದು ಕೇಳಿದರು. ಅರ್ಧ ಗಂಟೆ ಹೇಳಿದೆ. ಸೀಟು ಸಿಕ್ಕಿತು. ಮುಂದೆ ನಾನೂ ಕಾಲೇಜು ಮೇಷ್ಟ್ರಾದೆ.

ಎಂ.ಎ. ಮೊದಲ ವರ್ಷದ ಪರೀಕ್ಷೆ ಮುಗಿಸಿ ಮನೆಗೆ ಬಂದ ದಿನ ಲೈನಿನ ಕಡೆ ಹೋದೆ. ಅಜ್ಜಿ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದಳು. ಹಿಂದೆ ಕೂತ ನಡುವಯಸ್ಸಿನ ಒಬ್ಬ ಹೆಂಗಸು ಅವಳ ಬಿಳಿ ಕೂದಲಿಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಅಜ್ಜಿ ಏಳಲು ಹೋದಳು, ಆ ಹೆಂಗಸು ಭುಜ ಹಿಡಿದು ಕೂರಿಸಿದಳು.

"ನಮ್ಮಣ್ಣನ ಸೊಸೆ ಕಣ್ ಮಗ. ನನ್ನ ನೋಡ್ಕಂಡೋಗಾಕೆ ಊರಿಂದ ಬಂದವ್ಳೆ," ಎಂದು, ಪಕ್ಕದ ಕೋಣೆಯವರಿಗೂ ಕೇಳಿಸುವ ಹಾಗೆ, ಗಟ್ಟಿಯಾಗಿ ಹೇಳಿದಳು.