ಬೇಟೆಗಾರನ ಮೇಲಿನ ಹೊಟ್ಟೆಕಿಚ್ಚು

ನನಗೆ ಒಬ್ಬ ಮನುಷ್ಯನನ್ನು ಕಂಡರೆ ಹೊಟ್ಟೆಕಿಚ್ಚು. ಅವನ ಊರು ನನಗೆ ಗೊತ್ತಿಲ್ಲ. ಅವನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾನೊಬ್ಬ ಬದುಕಿದ್ದೇನೆಂಬ ಸುದ್ದಿಯಂತೂ ಅವನಿಗೆ ತಲುಪಿಯೇ ಇಲ್ಲ. ಕೆಂಪು ಟೊಪ್ಪಿಗೆ ಹಾಕಿಕೊಂಡು, ಹೆಗಲಿಗೆ ಬಂದೂಕು ಏರಿಸಿಕೊಂಡು, ಆಲ್ಪ್ಸ್ ಪರ್ವತದ ಹಿಮದಲ್ಲಿ ಕಾಡಾಡಿನ ಬೆನ್ನು ಹತ್ತಿರುವ ಟಿವಿಯ ಬೇಟೆಗಾರ ಅವನು. ಆ ಆಡನ್ನು ಅವನು ಹೊಡೆಯಲಿ, ಬಿಡಲಿ, ಅದು ಅವರಿಬ್ಬರ ನಡುವಿನ ವಿಷಯ. ನನ್ನ ತಕರಾರು ಬೇರೆ. ಅವನು ನನ್ನ ಕೇಳುಗರನ್ನು ಹೊಡೆದುಕೊಂಡು ಹೋದ.

ನಮ್ಮ ಓಣಿ ಬೆಟಗೇರಿಯ ನೇಕಾರರ ಓಣಿ. ಉಳಿದ ದಿನಗಳಲ್ಲಿ ಇಲ್ಲಿ ದೇವರೇ ಬಂದು ‘ವರ ಕೇಳು’ ಎಂದರೂ ಮಗ್ಗದ ಸದ್ದಿನಲ್ಲಿ ಎರಡು ಸಲ ‘ಆಂ?’ ಅನ್ನಬೇಕು. ಅಮಾವಾಸ್ಯೆಗೆ ಮಾತ್ರ ಮಗ್ಗಕ್ಕೆ ರಜೆ. ಅಂದು ಮಗ್ಗ ಪೂಜಿಸಿ, ಹೋಳಿಗೆ ಉಂಡು, ಮಧ್ಯಾಹ್ನ ಎಲ್ಲರೂ ಪಕ್ಕದ ಮನೆಯ ಗಂಗವ್ವನ ಪಡಸಾಲೆಯಲ್ಲಿ ಸೇರುವುದು ರೂಢಿ. ಅಲ್ಲಿ ಕಥೆ ಹೇಳುವವನು ನಾನು. ಹಾಗೆಂದು ಯಾರೂ ನನ್ನನ್ನು ನೇಮಿಸಿರಲಿಲ್ಲ. ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಮೊಬೈಲಿನಲ್ಲಿ ನನ್ನ ಕಥೆಗಳಿಗೆ ಓದುಗರು ಬೇಕಾದಷ್ಟಿದ್ದಾರೆ. ಅವರು ಹೃದಯದ ಚಿತ್ರ ಒತ್ತುತ್ತಾರೆ, ಕೈ ಮುಗಿದ ಚಿತ್ರ ಒತ್ತುತ್ತಾರೆ, ಓದಿ ಒತ್ತಿದರೋ ಓದದೇ ಒತ್ತಿದರೋ ಹೇಳಲಾಗದು. ಪಡಸಾಲೆಯಲ್ಲಿ ಆ ಮೋಸ ನಡೆಯುವುದಿಲ್ಲ, ಕಣ್ಣುಗಳು ಎದುರಿಗೇ ಇರುತ್ತವೆ. ಆ ಹತ್ತು ಹನ್ನೆರಡು ಜೊತೆ ಕಣ್ಣುಗಳಿಗಾಗಿ ನಾನು ತಿಂಗಳಿಡೀ ಕಾಯುತ್ತೇನೆ. ಅದರಲ್ಲಿ ಒಂದು ಜೊತೆ ನನ್ನ ಹೆಂಡತಿ ನೀಲವ್ವನದು. ಮನೆಯಲ್ಲಿ ನಾನು ಬಾಯಿ ತೆರೆದರೆ ಆಕೆ ಪಾತ್ರೆ ತಿಕ್ಕಲು ಹೋಗುತ್ತಾಳೆ. ಪಡಸಾಲೆಯಲ್ಲಿ ತಿಕ್ಕಲು ಪಾತ್ರೆ ಇಲ್ಲದ್ದರಿಂದ ಕೇಳುತ್ತಾಳೆ.

ಹೀಗಿರಲು ಗಂಗವ್ವನ ಮಗಳು ತಾಯಿಗೆ ಗೋಡೆಯಗಲದ ಟಿವಿ ಕೊಡಿಸಿದಳು. ಒಂದು ಅಮಾವಾಸ್ಯೆಯ ದಿನ ಗಂಗವ್ವನ ಬೆರಳು ರಿಮೋಟಿನ ಯಾವುದೋ ಗುಂಡಿಗೆ ತಾಗಿ, ಪಡಸಾಲೆಯ ತುಂಬ ಹಿಮ ಬಿತ್ತು. ಹಿಮದ ನಡುವೆ ಆ ಕೆಂಪು ಟೊಪ್ಪಿಗೆಯವನು. ಭಾಷೆ ಇಂಗ್ಲಿಷೋ, ಇನ್ನೊಂದೋ, ಯಾರಿಗೂ ತಿಳಿಯಲಿಲ್ಲ. ನೇಕಾರರಿಗೆ ಅದು ಬೇಕೂ ಇಲ್ಲ. ಸದ್ದಿನ ನಡುವೆ ತುಟಿ, ಕೈ ನೋಡಿಯೇ ಮಾತು ಹಿಡಿದು ರೂಢಿಯಾದವರು ಅವರು.

“ಆ ಕೋಟ ನೋಡ್ರಿ, ನೇಯ್ಗಿ ಭಾಳ ಬಿಗಿ ಐತಿ. ಗಾಳಿ ಒಳಗ ಹೋಗಂಗಿಲ್ಲ,” ಎಂದ ಎದುರು ಮನೆಯ ರಾಚಪ್ಪ. ಐವತ್ತು ವರ್ಷ ಮಗ್ಗದ ಮುಂದೆ ಕುಳಿತವನಿಗೆ ಆಲ್ಪ್ಸ್ ಕಾಣಲಿಲ್ಲ, ಕೋಟು ಕಂಡಿತು.

“ಕೋಟ ಒಲಿಯಾಗ ಹಾಕು. ಇಂಥಾ ಥಂಡ್ಯಾಗ ಹೆಂಡ್ತಿ ಹೆಂಗ ಕಳಿಸ್ಯಾಳೋ ಏನೋ,” ಎಂದಳು ಗಂಗವ್ವ.

“ಮನ್ಯಾಗ ಇದ್ರ ತಲಿ ತಿಂತಾನಂತ ಆಕಿನ ಕಳಿಸಿರ್ತಾಳ ಬಿಡವ್ವಾ,” ಎಂದಳು ನೀಲವ್ವ, ನನ್ನ ಕಡೆ ತಿರುಗದೆ.

ಅಷ್ಟರಲ್ಲಿ ಕಡಿದಾದ ಬಂಡೆಯ ತುದಿಯಲ್ಲಿ ಆಡು ಕಾಣಿಸಿಕೊಂಡಿತು. ತಕ್ಷಣ ಓಣಿ ಎರಡು ಪಕ್ಷವಾಯಿತು. ಗಂಡಸರು ಬೇಟೆಗಾರನಿಗೆ ದಾರಿ ತೋರಿಸತೊಡಗಿದರು. ಹೆಂಗಸರು ಆಡಿನ ಕಡೆ. “ಓಡ ನನ ಅವ್ವಾ, ಓಡ! ಕಲ್ಲಿನ ಹಿಂದ ಕುಂತಾನ ಮೂಳ!” ಎಂದು ಗಂಗವ್ವ ಮಗ್ಗದ ಸದ್ದನ್ನು ಮೀರಿಸಿ ರೂಢಿಯಾದ ದನಿಯಲ್ಲಿ ಕೂಗಿದಳು. ಆಡು ಕತ್ತೆತ್ತಿ ನೋಡಿತು. ಗಂಗವ್ವನ ಕೂಗಿಗೇ ನೋಡಿತೆಂದು ಅರ್ಧ ಓಣಿ ಇವತ್ತಿಗೂ ಆಣೆ ಮಾಡುತ್ತದೆ.

ನಾನು ಸಂದು ನೋಡಿ ಬಾಯಿ ಹಾಕಿದೆ. “ಕಪ್ಪತ್ತಗುಡ್ಡದಾಗ ಒಂದ ಸಲ ನಾ ತ್ವಾಳದ ಮುಂದ...”

“ತಡೀಲೇ ಬಸು, ಆಡು ಇಳ್ಯಾಕತ್ತೈತಿ!” ಎಂದು ರಾಚಪ್ಪ ನನ್ನ ಬಾಯಿ ಮುಚ್ಚಿಸಿದ.

ಅದು ನನ್ನ ಅತ್ಯುತ್ತಮ ಕಥೆ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಊರಿಗೆ ಹೋಗಿದ್ದೆ. ಮುಂಡರಗಿ ಕಡೆ, ಗುಡ್ಡದ ಬುಡದಲ್ಲಿರುವ ಹಳ್ಳಿ. ಒಂದು ಬೆಳಿಗ್ಗೆ ಒಬ್ಬನೇ ಗುಡ್ಡ ಹತ್ತಿದೆ. ತಿರುವಿನಲ್ಲಿ ತೋಳ ಎದುರಾಯಿತು. ನಾನು ಕದಲಲಿಲ್ಲ. ಅದು ನನ್ನನ್ನೇ ದಿಟ್ಟಿಸಿತು, ಕೊನೆಗೆ ತಲೆ ತಗ್ಗಿಸಿ ಹೋಯಿತು. ಇಪ್ಪತ್ತೆರಡು ವರ್ಷಗಳಿಂದ ಈ ಕಥೆ ನನ್ನನ್ನು ಕಾಪಾಡಿಕೊಂಡು ಬಂದಿದೆ.

ಲಕ್ಷ್ಮೇಶ್ವರದ ಕಡೆ ಹೋದಾಗ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ನೋಡಿದ್ದೆ. ಕಾಡುಹಂದಿಯ ಜೊತೆ ಕಾದಾಡಿ ಸತ್ತವನದಂತೆ. ಪಾಪ, ಪ್ರಾಣ ಕೊಟ್ಟು ಒಂದು ಕಲ್ಲು ಸಂಪಾದಿಸಿದ್ದಾನೆ. ನಾನು ನೋಡುವ ಹೊತ್ತಿಗೆ ಒಂದು ಎಮ್ಮೆ ಅದಕ್ಕೆ ಮೈ ತಿಕ್ಕುತ್ತಿತ್ತು. ಈ ಕೆಂಪು ಟೊಪ್ಪಿಗೆಯವನೋ ಇನ್ನೂ ಏನನ್ನೂ ಹೊಡೆದಿಲ್ಲ, ಸತ್ತೂ ಇಲ್ಲ. ಬಂಡೆಯ ಹಿಂದೆ ಸುಮ್ಮನೆ ಕುಳಿತಿದ್ದಾನೆ. ಇಡೀ ಓಣಿ ಚಹಾ ಆರಲು ಬಿಟ್ಟು ಅವನನ್ನೇ ನೋಡುತ್ತಿದೆ. ಯಾರಿಗಾದರೂ ಉರಿಯುವುದಿಲ್ಲವೇ?

ಎಲ್ಲರೂ ಎದ್ದು ಹೋದ ಮೇಲೆ ಗಂಗವ್ವನನ್ನು ನೇರವಾಗಿ ಕೇಳಿದೆ. “ಅಂವ ತಾಸಗಟ್ಟಲೆ ಕಲ್ಲಿನ ಹಿಂದ ಕುಂತ್ರೂ ನೋಡ್ತೀರಿ. ನಾ ಕಥಿ ಶುರು ಮಾಡಿದ್ರ ತಡಿ ಅಂತೀರಿ. ಅಂಥಾದ್ದೇನೈತಿ ಅವನಾಗ?”

ಗಂಗವ್ವ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು. “ಅಂವ ಬಾಯಿ ಮುಚ್ಕೊಂಡು ಕುಂಡರ್ತಾನ, ನಾವು ಮಾತಾಡ್ತೀವಿ. ನೀ ಕುಂತಿ ಅಂದ್ರ ನಮಗ ಉಸಿರು ಬಿಡಾಕೂ ಸಂದ ಇರಂಗಿಲ್ಲ. ತಿಂಗಳಿಡೀ ಮಗ್ಗ ಮಾತಾಡತೈತಿ. ಅಮಾಸಿ ದಿನ ನೀ ಮಾತಾಡ್ತಿ. ನಾವು ಯಾವಾಗ ಮಾತಾಡೂನೋ ತಮ್ಮಾ?”

ಬೇರೆ ಯಾರಾದರೂ ಹೀಗೆ ಮೊಬೈಲಿನಲ್ಲಿ ಬರೆದಿದ್ದರೆ ಬ್ಲಾಕ್ ಮಾಡುತ್ತಿದ್ದೆ. ಗಂಗವ್ವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲ.

ಮುಂದಿನ ಅಮಾವಾಸ್ಯೆಗೆ ಹೋಗಲೇಬಾರದೆಂದುಕೊಂಡಿದ್ದೆ, ಹೋದೆ. ಅಂದು ಅದೇ ಬೇಟೆಯ ಮುಂದಿನ ಕಂತು. ಬೇಟೆಗಾರ ಹಿಮದಲ್ಲಿ ಹೊಟ್ಟೆಯ ಮೇಲೆ ಮಲಗಿದ್ದ. ಆಡು ಎದುರಿಗೆ ಅಡ್ಡಲಾಗಿ ನಿಂತಿತ್ತು. ಅವನು ಒಂದು ಕಣ್ಣು ಮುಚ್ಚಿದ, ಬೆರಳು ಬಂದೂಕಿನ ಕುದುರೆಯ ಮೇಲೆ ಬಂತು. ಕರೆಂಟು ಹೋಯಿತು.

ದೇವರಾಣೆ, ನಾನೇನೂ ಮಾಡಿರಲಿಲ್ಲ. ಆದರೆ ಕರೆಂಟಿನವರ ಮೇಲೆ ಅಷ್ಟೊಂದು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ.

“ಹೊಡದ್ನೋ ಬಿಟ್ನೋ, ಶಿವನ!” ಎಂದು ಗಂಗವ್ವ ಹಣೆ ಬಡಿದುಕೊಳ್ಳುವಷ್ಟರಲ್ಲಿ ನಾನು ನಡುವೆ ಬಂದು ಕುಳಿತು ಕಪ್ಪತ್ತಗುಡ್ಡ ಹತ್ತತೊಡಗಿದ್ದೆ. ಬೇರೆ ಗತಿಯಿಲ್ಲದೆ ಎಲ್ಲರೂ ಕೇಳಿದರು. ತಿರುವಿಗೆ ಬಂದೆ. “ತ್ವಾಳ ನಿಂತು, ನಾನೂ ನಿಂತೆ. ಅದು ಕಣ್ಣು ಮಿಟುಕಿಸದ ನನ್ನನ್ನ ನೋಡ್ತು...”

ಇಲ್ಲಿ ನಾನು ಎಂದೂ ನಿಲ್ಲಿಸಿದವನಲ್ಲ, ಒಂದೇ ಉಸಿರಿಗೆ ತೋಳವನ್ನು ಓಡಿಸಿಬಿಡುತ್ತಿದ್ದೆ. ಅಂದು ಮಾತ್ರ, ಆ ಕೆಂಪು ಟೊಪ್ಪಿಗೆಯವನ ಮೇಲಿನ ಛಲಕ್ಕೆ, ಬಾಯಿ ಮುಚ್ಚಿ ಸುಮ್ಮನೆ ಕುಳಿತೆ.

“ನಿಮ್ಮನ್ನಲ್ರಿ,” ಎಂದಿತು ಒಂದು ದನಿ. ನೀಲವ್ವ.

“ಏನು?”

“ಅದು ನಿಮ್ಮನ್ನ ನೋಡ್ತಿದ್ದಿಲ್ಲ. ನನ್ನ ನೋಡ್ತಿತ್ತು.”

ರಾಚಪ್ಪ ಚಹಾದ ಕಪ್ಪು ಕೆಳಗಿಟ್ಟ.

“ಅವತ್ತ ನೀವು ಬುತ್ತಿ ಇಲ್ದ ಹೋಗಿದ್ರಿ. ಹೊಸಾ ಅಳಿಯ ಹಸದ ಹೊಟ್ಟಿಲೆ ಮನಿ ಬಿಟ್ಟ ಅಂದ್ರ ನಮ್ಮವ್ವ ಊರಾಗ ಮಾರಿ ಹೆಂಗ ತೋರಿಸಬೇಕು? ರೊಟ್ಟಿ ಗಂಟು ಕೊಟ್ಟು ನನ್ನ ಹಿಂದ ಓಡಿಸಿದ್ಲು. ಇಪ್ಪತ್ತ ಹೆಜ್ಜಿ ಹಿಂದ ಇದ್ನಿ. ಕರೀಬೇಕಂದ್ರ, ಲಗ್ನ ಆಗಿ ತಿಂಗಳಾಗಿಲ್ಲ, ಗಂಡನ್ನ ಏನಂತ ಕೂಗಬೇಕು? ಹೆಸರು ಹಿಡಿಯಾಕ ಬರಂಗಿಲ್ಲ. ಸುಮ್ಮನ ಹಿಂದ ಬಂದೆ. ತ್ವಾಳ ಬುತ್ತಿ ವಾಸನಿಗೆ ನನ್ನ ಕಡೆ ಮಾರಿ ಮಾಡಿತ್ತು. ನೀವು ಬಲಕ್ಕ ಹೊಳ್ಳಿ ಇಳಿಜಾರಾಗ ಓಡಿಬಿಟ್ರಿ.”

“ಯವ್ವಾ! ಮತ್ತ ಇಷ್ಟ ವರ್ಷ ಬಾಯಿ ಬಿಡಲಿಲ್ಲಲ್ಲ ನೀನು?” ಎಂದಳು ಗಂಗವ್ವ.

“ಎಲ್ಲಿ ಬಿಡಲಿ? ನಾ ಮನಿ ಮುಟ್ಟೂದ್ರಾಗ ಇವರು ಅರ್ಧ ಊರಿಗೆ ಹೇಳಿದ್ರು. ಕಟ್ಟಿ ಮ್ಯಾಲ ಕುಂತು ನಮ್ಮಪ್ಪ ಅಳಿಯನ ಧೈರ್ಯ ಹೊಗಳಾಕತ್ತಿದ್ದ. ಆಮ್ಯಾಲೂ ಇವರು ಎಲ್ಲಿ ನಿಲ್ಲಿಸ್ಯಾರ? ಇವತ್ತ ನಿಲ್ಲಿಸಿದ್ರು, ಹೇಳಿದ್ನಿ.”

ಪಡಸಾಲೆಯ ಕಣ್ಣುಗಳೆಲ್ಲ ಒಮ್ಮೆಗೇ ನೀಲವ್ವನತ್ತ ಹೊರಳಿದವು. ಬೇಟೆಗಾರನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ಕ್ಷಣವೇ ಮನೆ ಬದಲಿಸಿತು. ಹೆಂಡತಿಯ ಮೇಲೆ ಉರಿಯಿತು. ಅವಳಿಗಿಂತ ಹೆಚ್ಚಾಗಿ ತೋಳದ ಮೇಲೆ ಉರಿಯಿತು. ಇಪ್ಪತ್ತೆರಡು ವರ್ಷ ನಾನು ನೆಚ್ಚಿಕೊಂಡಿದ್ದ ನೋಟ ಅದು. ಅದೂ ನನ್ನ ಕಡೆಗಿರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಗೋಡೆಯ ತುಂಬ ಮತ್ತೆ ಹಿಮ ಬೆಳಗಿತು. ಗಂಗವ್ವ ಆ ಕಡೆ ನೋಡದೆಯೇ ರಿಮೋಟು ತಡಕಿ ಟಿವಿ ಆರಿಸಿದಳು. ಆಡು ಸತ್ತಿತೋ ಉಳಿಯಿತೋ ನಮ್ಮ ಓಣಿಗೆ ಇವತ್ತಿಗೂ ಗೊತ್ತಿಲ್ಲ.

ನೀಲವ್ವ ನೀರಿನ ತಂಬಿಗೆ ಎತ್ತಿ ನಿಧಾನಕ್ಕೆ ಕುಡಿಯತೊಡಗಿದಳು. ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ಯಾರು ಕಲಿಸಿದರೋ! ಗುಡ್ಡದ ಮೇಲೆ, ಮದುವೆಯಾಗಿ ತಿಂಗಳೂ ಆಗದ ಹುಡುಗಿಯೊಬ್ಬಳು ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಎದುರಿಗೆ ತೋಳ. ಗಂಡ ಇಳಿಜಾರಿನಲ್ಲಿ ಎಲ್ಲೋ ಓಡುತ್ತಿದ್ದ. ಅವಳು ತಂಬಿಗೆ ಕೆಳಗಿಡುವವರೆಗೆ ನನಗೆ ತಡೆಯಲಾಗಲಿಲ್ಲ.

“ಆಮ್ಯಾಲ ಏನಾತು?” ಎಂದು ಎಲ್ಲರಿಗಿಂತ ಮೊದಲು ಕೇಳಿದವನು ನಾನೇ.